ಒಂದೇ ಗೆರೆ, ಹಳೆಯದು ಕಾಣಬೇಕು

ನಮ್ಮ ನಗರದಲ್ಲಿ ಹಕ್ಕಿಗಳನ್ನು ಮೆಚ್ಚುವವರು ಬೇಕಾದಷ್ಟಿದ್ದಾರೆ. ಇಪ್ಪತ್ತಾರು ವರ್ಷ ಒಂದು ಭಾನುವಾರವೂ ತಪ್ಪಿಸದೆ ಅವುಗಳನ್ನು ಎಣಿಸಿದವರು ಒಬ್ಬರೇ. ಪ್ರೌಢಶಾಲೆಯ ಜೀವಶಾಸ್ತ್ರ ಶಿಕ್ಷಕಿಯಾಗಿದ್ದು ಈ ತಿಂಗಳು ನಿವೃತ್ತರಾಗುತ್ತಿರುವ, ನಾವೆಲ್ಲ 'ಎಣಿಕೆ ಮೇಡಂ' ಎಂದೇ ಕರೆಯುವ ಅವರ ಬಗ್ಗೆ ನಾಲ್ಕು ಮಾತು ಬರೆಯುವ ಭಾಗ್ಯ, ಅವರ ಹಳೆಯ ವಿದ್ಯಾರ್ಥಿನಿಯೂ ಈಗ ಔಷಧಿ ಅಂಗಡಿಯವಳೂ ಆದ ನನಗೆ ಒದಗಿದೆ.

ಬಸ್ ಡಿಪೋದ ಹಿಂದಿನ ಮೂರು ಜೌಗು ಕೊಳಗಳ ಸುತ್ತ ಬೆಳಿಗ್ಗೆ ಆರೂವರೆಗೆ ನಮ್ಮ ನಡಿಗೆ. ತಡವಾಗಿ ಬಂದವರಿಗೆ ಬೈಗುಳ ಖಾತ್ರಿ. ನನ್ನ ಮೊದಲ ಗಂಬೂಟು ಮೇಡಂ ಅವರದೇ. ಎರಡು ಸೈಜು ದೊಡ್ಡದೆಂದು ತುದಿಗೆ ಹಳೆಯ ಪತ್ರಿಕೆ ತುರುಕಿ ಕೊಟ್ಟಿದ್ದರು. ಎಣಿಕೆಯ ಪುಸ್ತಕಕ್ಕೊಂದು ಕಟ್ಟಳೆ: ಪೆನ್ನಿನಲ್ಲೇ ಬರೆಯಬೇಕು, ತಪ್ಪಾದರೆ ಹಳೆಯ ಸಂಖ್ಯೆ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ರುಜು ಹಾಕಬೇಕು.

ಎಂಟು ವರ್ಷದ ಹಿಂದೆ ನಗರಸಭೆ ಮೂರನೆಯ ಕೊಳವನ್ನು ಮುಚ್ಚಿ ಲಾರಿ ನಿಲ್ದಾಣ ಮಾಡಲು ಹೊರಟಿತು. ಚಳಿಗಾಲದಲ್ಲಿ ಅಲ್ಲಿ ಸಾವಿರ ಹಕ್ಕಿ ಸೇರುತ್ತವೆಂದು ತೋರಿಸಿದರೆ ಕೈಬಿಡುತ್ತೇವೆ ಎಂದರು ಅಧಿಕಾರಿ. ನಮ್ಮ ಎಣಿಕೆ ಸಾವಿರದ ನೂರ ನಲವತ್ತು. ಕುಣಿದಾಡಿಬಿಟ್ಟೆವು! ನಗರಸಭೆಯ ವಿಚಾರಣೆಯ ಹಿಂದಿನ ದಿನ, ಪಶ್ಚಿಮದ ದಂಡೆಯಲ್ಲಿ ಎಣಿಸಿದ್ದ ನಮ್ಮ ಗುಂಪಿನ ದರ್ಜಿಯಣ್ಣನ ಜೊತೆ ಮಾತಾಡುತ್ತಿದ್ದಾಗ ನನಗೆ ತಪ್ಪು ಹೊಳೆಯಿತು. ಪೂರ್ವದ ದಂಡೆಯಲ್ಲಿ ನಾನು ಎಣಿಸಿದ ಬಾತುಗಳ ಹಿಂಡೇ ಹಾರಿಹೋಗಿ ಪಶ್ಚಿಮದಲ್ಲಿ ಇಳಿದಿತ್ತು. ಅವರು ಅದನ್ನೇ ಮತ್ತೆ ಎಣಿಸಿದ್ದರು. ಹಾರಿದ್ದನ್ನು ಕಂಡೂ ಕೂಗಿ ಹೇಳಲು ಮರೆತವಳು ನಾನು. ಇಬ್ಬರೂ ಮೇಡಂ ಮನೆಗೆ ಹೋಗಿ ಹೇಳಿದೆವು.

"ಹೋಗ್ಲಿ ಬಿಡಿ ಮೇಡಂ, ಯಾರಿಗೆ ಗೊತ್ತಾಗುತ್ತೆ?" ಎಂದರು ದರ್ಜಿಯಣ್ಣ.

"ನಮಗೆ ಗೊತ್ತಾಯ್ತಲ್ಲ" ಎಂದ ಮೇಡಂ ಗೆರೆ ಎಳೆದು, ಎಂಟುನೂರ ನಲವತ್ತೆರಡು ಎಂದು ಬರೆದು, ನನ್ನ ತಪ್ಪಿಗೆ ತಮ್ಮ ರುಜು ಹಾಕಿದರು. ನಾನು ಅತ್ತುಬಿಟ್ಟೆ. "ಅಳು ಆಮೇಲೆ. ನಾಳೆ ಹತ್ತಕ್ಕೆ ಬಾ" ಎಂದರು.

ಅಧಿಕಾರಿಗೆ ಆಶ್ಚರ್ಯ. "ಇದೇನ್ರೀ, ನೀವೇ ಕಮ್ಮಿ ಮಾಡ್ಕೊಂಡು ಬಂದಿದ್ದೀರಿ?"

"ಇರೋದು ಅಷ್ಟೇ. ಚಳಿ ಇನ್ನೂ ಪೂರ್ತಿ ಬಿದ್ದಿಲ್ಲ. ಮೂರು ಭಾನುವಾರ ನೀವೇ ಬಂದು ಎಣಿಸಿ; ಆಗಲೂ ಸಾವಿರ ಆಗ್ಲಿಲ್ಲ ಅಂದ್ರೆ ಮುಚ್ಚಿ."

ಅಧಿಕಾರಿ ಎಣಿಕೆಯ ಪುಸ್ತಕದ ಪುಟ ತಿರುವುತ್ತಾ ಹೋದರು. ವರ್ಷಗಟ್ಟಲೆಯ ತಪ್ಪುಗಳೆಲ್ಲ ಗೆರೆಯಡಿ ಹಾಗೇ ಓದಲು ಸಿಗುತ್ತಿದ್ದವು. ಆಯಿತು ಎಂದರು.

ಮೊದಲ ವಾರ ಅವರ ಪಾಲಿಶ್ ಮಾಡಿದ ಬೂಟು ಕೆಸರಿನ ಪಾಲಾಯಿತು. ಎರಡನೆಯ ವಾರ ಗಂಬೂಟಿನಲ್ಲಿ ಬಂದರು. ಎರಡು ಸಲವೂ ಸಾವಿರ ತುಂಬಲಿಲ್ಲ. ಮೂರನೆಯ ಭಾನುವಾರ ಮೇಡಂ ಸೀಟಿ ಊದಿದೊಡನೆ ಎಲ್ಲ ದಂಡೆಗಳಲ್ಲೂ ಏಕಕಾಲಕ್ಕೆ ಎಣಿಸಿದೆವು. ಕೂಡಿಸಿ ಬರೆಯುವಾಗ ಅಧಿಕಾರಿ ಒಂದು ಅಂಕಿ ತಪ್ಪಾಗಿ ಬರೆದರು.

"ಮೇಡಂ, ಅಳಿಸೋಕೆ ಏನಾದ್ರೂ ಇದೆಯಾ?"

"ಇಲ್ಲ. ಒಂದೇ ಗೆರೆ ಎಳೀರಿ, ಹಳೇದು ಕಾಣ್ಬೇಕು."

ಸಾವಿರದ ಹನ್ನೆರಡು. ರುಜು ಅವರದೇ. ಕೊಳ ಇಂದಿಗೂ ಇದೆ.

ಎಣಿಕೆಯ ಪುಸ್ತಕ ಈಗ ನನ್ನ ಕೈಗೆ ಬಂದಿದೆ. ಮೇಡಂ, ಅದರ ಕೊನೆಯ ಪುಟದಲ್ಲಿ ನಿಮ್ಮ ಆಯಸ್ಸು ನೂರು ಎಂದು ಪೆನ್ನಿನಲ್ಲೇ ಬರೆದಿದ್ದೇವೆ. ಎಣಿಕೆ ಕಮ್ಮಿಯಾಯಿತೆಂದು ತಿಳಿದ ದಿನ ನೀವೇ ಒಂದು ಗೆರೆ ಎಳೆದು, ಪಕ್ಕದಲ್ಲಿ ದೊಡ್ಡ ಸಂಖ್ಯೆ ಬರೆದು ರುಜು ಹಾಕಬೇಕು. ಭಾನುವಾರ ಆರೂವರೆಗೆ ಕಾಯುತ್ತಿರುತ್ತೇವೆ.