ಎರಡು ಸಲ ಎಣಿಸಿದವಳು

ನನ್ನ ತಂಗಿ ಸುಜಾತಾ ಮಾಡಿದ ಲೆಕ್ಕ ಸರಿ ಇತ್ತು. ತಪ್ಪು ಎಂದವಳು ನಾನು. ಸರಿ ಎಂದು ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ಕೂತವಳೂ ನಾನೇ. ಮೂವತ್ತು ವರ್ಷದ ಹತ್ತಿರ ಆಯಿತು — ಇಷ್ಟು ಸಣ್ಣ ಮಾತನ್ನು ಬರೆಯಲಿಕ್ಕೆ ಅಷ್ಟು ವರ್ಷ ಬೇಕೇ ಎಂದು ನೀವು ಕೇಳಬಹುದು. ನನಗೆ ಬೇಕಾಯಿತು.

ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುತ್ತಿಲ್ಲ. ಲೆಕ್ಕದಿಂದಲೇ ಶುರು ಮಾಡುತ್ತೇನೆ. ಗಣಿತ ಎಂದ ಕೂಡಲೇ ಪುಟ ಮಗುಚುವವರು ಸ್ವಲ್ಪ ತಡೆಯಿರಿ, ಇದು ಕಷ್ಟದ್ದಲ್ಲ. ಅಥವಾ ಕಷ್ಟದ್ದೇ ಏನೋ. ನನಗೆ ಇವತ್ತಿಗೂ ಒಮ್ಮೆ ಅರ್ಥವಾದ ಹಾಗೆ ಆಗುತ್ತದೆ, ಮರುಗಳಿಗೆಗೆ ಕೈ ಬಿಟ್ಟುಹೋಗುತ್ತದೆ.

ಒಂದು ಉದ್ದದ ಸಲಾಕೆ. ಅದರ ಒಂದು ತುದಿಯನ್ನು ಮೊಳೆ ಹೊಡೆದು ನಿಲ್ಲಿಸಿದ್ದಾರೆ. ಸಲಾಕೆ ಗಡಿಯಾರದ ಮುಳ್ಳಿನ ಹಾಗೆ ಒಂದೇ ಸಮನೆ ಸುತ್ತುತ್ತಿದೆ. ಅದಕ್ಕೆ ಪೋಣಿಸಿದ ಒಂದು ಬಳೆ ಮೊಳೆಯ ಕಡೆಯಿಂದ ಹೊರಗಿನ ತುದಿಗೆ ಜಾರುತ್ತಿದೆ, ಅದೂ ಒಂದೇ ಸಮನೆ. ಹಾಗಾಗಿ ಬಳೆಯ ದಾರಿ ನೇರವಲ್ಲ, ಸುರುಳಿ. ಇಂಥ ವಕ್ರ ಚಲನೆಯನ್ನು ಉದ್ದ ಅಗಲ ಹಿಡಿದು ಬಿಡಿಸಲು ಹೋದರೆ ಹೈರಾಣಾಗುತ್ತೇವೆ. ಅದಕ್ಕೇ ಪೋಲಾರ್ ಎಂಬ ಇನ್ನೊಂದು ರೀತಿ ಇದೆ: ನಡುವಿನಿಂದ ಎಷ್ಟು ದೂರ, ಎಷ್ಟು ಕೋನ ತಿರುಗಿತು, ಇವೆರಡನ್ನು ಹೇಳಿದರೆ ಸಾಕು. ಪ್ರಶ್ನೆ ಇದ್ದದ್ದು ಇಷ್ಟೇ. ಬಳೆಗೆ ಅಡ್ಡ ದಿಕ್ಕಿನಲ್ಲಿ ವೇಗೋತ್ಕರ್ಷ ಎಷ್ಟು? ಅಂದರೆ, ಸಲಾಕೆ ಅದನ್ನು ಬದಿಯಿಂದ ದೂಡುತ್ತಿದೆಯೇ ಇಲ್ಲವೇ?

ಸೊನ್ನೆ, ಎಂದು ನಾನು ಹೇಳಿದ್ದೆ. ಸುತ್ತುವ ವೇಗ ಬದಲಾಗುವುದಿಲ್ಲ, ಜಾರುವ ವೇಗ ಬದಲಾಗುವುದಿಲ್ಲ, ಮತ್ತೆ ದೂಡುವುದೆಲ್ಲಿಂದ ಬಂತು?

ಆಗ ನಾವು ಮುಂಬಯಿಯ ಕುರ್ಲಾದಲ್ಲಿ, ಚಾಳ್ ಎನ್ನುವ ಸಾಲುಕೋಣೆಗಳ ವಠಾರದಲ್ಲಿದ್ದೆವು. ಉಡುಪಿ ಕಡೆಯಿಂದ ಬಂದ ಅಪ್ಪ ಒಂದು ಹೋಟೆಲಿನ ಕೌಂಟರಿನಲ್ಲಿ ಕೂರುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳನ್ನೂ ಇಂಜಿನಿಯರಿಂಗಿಗೆ ಸೇರಿಸಿದ್ದೇನೆ ಎಂದು ಅವರು ಹೇಳಿಕೊಳ್ಳದ ಗಿರಾಕಿ ಇರಲಿಲ್ಲ. ನಾನು ಮೂರನೆಯ ವರ್ಷ, ಸುಜಾತಾ ಮೊದಲನೆಯದು. ಇಡೀ ಚಾಳ್‌ಗೆ ಬುದ್ಧಿವಂತೆ ಎಂದರೆ ನಾನು. ಸುಜಾತಾ ಎಂದರೆ ಬಾಯಿ, ನಗು, ಬಚ್ಚಲಲ್ಲೂ ಹಾಡು. ಅವಳಿಗೆ ಪಾಠ ಹೇಳಿಕೊಡುವುದು ನನ್ನ ಕೆಲಸವಾಗಿತ್ತು.

ಆ ಸಂಜೆ ಅವಳು ನನ್ನ ಸೊನ್ನೆಯನ್ನು ಒಪ್ಪಲಿಲ್ಲ.

"ಅಲ್ಲ ಅಕ್ಕ, ಬಳೆ ಹೊರಗೆ ಹೋದ ಹಾಗೆ ದೊಡ್ಡ ಸುತ್ತು ಸುತ್ಬೇಕಲ್ಲ, ಅಷ್ಟೇ ಟೈಮಲ್ಲಿ? ಹಾಗಾದ್ರೆ ಬದಿಗೆ ಅದರ ಸ್ಪೀಡ್ ಜಾಸ್ತಿ ಆಗ್ತಾ ಉಂಟು. ಯಾರೂ ದೂಡದೆ ಹೇಗೆ ಜಾಸ್ತಿ ಆಗ್ತದೆ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮುಂದುವರಿಸಿದಳು: "ಇನ್ನೂ ಒಂದುಂಟು. ಹೊರಗೆ ಜಾರುವ ಸ್ಪೀಡ್ ಅಷ್ಟೇ ಇರ್ಲಿ. ಆದ್ರೆ ಹೊರಗೆ ಅಂದ್ರೆ ಯಾವ ಕಡೆ? ಆ ಕಡೆಯೇ ತಿರುಗ್ತಾ ಉಂಟಲ್ಲ! ಅದನ್ನು ತಿರುಗಿಸ್ಲಿಕ್ಕೂ ದೂಡ್ಬೇಕು. ಹಾಗಾಗಿ ಎರಡು ಸಲ ಬರ್ತದೆ ಅಕ್ಕ. ಗಾರ್ಡನ್‌ನ ಚಕ್ರದಲ್ಲಿ ನಡುವಿಂದ ಹೊರಗೆ ನಡೆದು ನೋಡು ಬೇಕಾದ್ರೆ, ಕಾಲು ಬದಿಗೆ ಹೋಗ್ತದೆ."

ಚಾಳ್‌ನ ಹಿಂದಿನ ಗಾರ್ಡನ್‌ನಲ್ಲಿ ಮಕ್ಕಳು ಕೈಯಿಂದ ತಿರುಗಿಸುವ ಕಬ್ಬಿಣದ ಚಕ್ರವೊಂದಿತ್ತು. ಹದಿನೆಂಟಾದರೂ ನಾಚಿಕೆಯಿಲ್ಲದೆ ಅದರ ಮೇಲೆ ಹತ್ತುತ್ತಿದ್ದವಳು ಅವಳು. ನಾನಲ್ಲ. ನಾನು ಬೆಂಚಿನ ಮೇಲೆ ಕೂತು ಓದುತ್ತಿದ್ದೆ.

ಈಗ ಬರೆಯುವಾಗ ಆ ಮಾತು ಎಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ! ಆಗ ನನಗೆ ಏನಾಯಿತು ಎಂದು ಮಾತ್ರ ಸ್ಪಷ್ಟವಿಲ್ಲ. ತಲೆಯಲ್ಲಿ ಎಲ್ಲ ಕಲಸಿಹೋಯಿತು. ಅವಳು ಹೇಳಿದ್ದರಲ್ಲಿ ಏನೋ ಇದೆ ಅನ್ನಿಸಿತೇ? ಅನ್ನಿಸಿತು — ಇಲ್ಲ, ಅನ್ನಿಸಲಿಲ್ಲ — ಸಿಟ್ಟು ಬಂದದ್ದು ಮಾತ್ರ ಖಂಡಿತ. ನಾನು ನಕ್ಕೆ. ಆ ನಗುವನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

"ಒಂದನ್ನೇ ಎರಡು ಸಲ ಎಣಿಸಿದ್ದಿ ಮಾರಾಯ್ತಿ," ಎಂದೆ. "ಹೀಗೆ ಎಣಿಸುವವರು ಇಂಜಿನಿಯರ್ ಆದ್ರೆ ಬಿಲ್ಡಿಂಗ್ ನಿಲ್ಲುದುಂಟಾ?"

ಹೊರಗೆ ನಳ್ಳಿಯಲ್ಲಿ ನೀರು ಹಿಡಿಯುತ್ತಿದ್ದ ಅಮ್ಮನೂ ನಕ್ಕಳು. ಸುಜಾತಾ ತಾನೂ ನಗಲು ನೋಡಿದಳು. ಆಮೇಲೆ ರಬ್ಬರ್ ತೆಗೆದು ತನ್ನ ಉತ್ತರವನ್ನು ತಾನೇ ಅಳಿಸಿ, ಅಲ್ಲಿ ನನ್ನ ಸೊನ್ನೆಯನ್ನು ಬರೆದಳು.

ಇಲ್ಲಿಗೇ ಮುಗಿದಿದ್ದರೆ ಇದು ಅಕ್ಕನ ಅಹಂಕಾರದ ಕತೆಯಾಗುತ್ತಿತ್ತು, ಅಷ್ಟೆ. ಗೊತ್ತಿಲ್ಲದೆ ತಪ್ಪು ಹೇಳಿಕೊಟ್ಟ ಅಕ್ಕಂದಿರು ಊರ ತುಂಬ ಇದ್ದಾರೆ. ಆದರೆ ಅದೇ ವಾರ ನಾನು ಕಾಲೇಜಿನ ಲೈಬ್ರರಿಗೆ ಹೋದೆ. ಯಾಕೆ ಹೋದೆ? ಸಂಶಯ ಇಲ್ಲದಿದ್ದರೆ ಹೋಗುತ್ತಿರಲಿಲ್ಲ, ಅಲ್ಲವೇ? ಪುಸ್ತಕ ತೆಗೆದು ನೋಡಿದೆ. ಅಡ್ಡ ದಿಕ್ಕಿನ ವೇಗೋತ್ಕರ್ಷದಲ್ಲಿ, ಜಾರುವ ವೇಗ ಮತ್ತು ಸುತ್ತುವ ವೇಗದ ಗುಣಲಬ್ಧದ ಮುಂದೆ, ಎರಡು ಎಂಬ ಅಂಕಿ ಕೂತಿತ್ತು. ಅವಳು ಹೇಳಿದ ಅದೇ ಎರಡು. ಮೊದಲ ವರ್ಷದಲ್ಲಿ ನಾನೂ ಅದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆತಿದ್ದೆ. ಎಲ್ಲಿಂದ ಬಂತು ಎಂದು ಒಂದು ದಿನವೂ ಕೇಳಿರಲಿಲ್ಲ. ಸುಜಾತಾ ಪುಸ್ತಕ ತೆರೆಯದೆ, ಗಾರ್ಡನ್‌ನ ಚಕ್ರದ ಮೇಲೆ ನಡೆದು, ಅದನ್ನು ಹುಡುಕಿಕೊಂಡಿದ್ದಳು.

ಊಟ ಆದ ಮೇಲೆ ಹೇಳುವ ಎಂದುಕೊಂಡೆ. ಊಟ ಆಯಿತು. ನಾಳೆ ಹೇಳುವ ಎಂದುಕೊಂಡೆ — ಪರೀಕ್ಷೆಗೆ ಮೊದಲು ಹೇಳಿದರೆ ಸಾಕಲ್ಲ ಎಂದುಕೊಂಡೆ. ಅಸೂಯೆ ಎಂದು ಬರೆದುಬಿಟ್ಟರೆ ಸುಲಭ, ಕಾಯಿಲೆಗೆ ಒಂದು ಹೆಸರಾದರೂ ಸಿಕ್ಕಿದ ಹಾಗೆ. ಆದರೆ ನಾನು ಅವಳನ್ನು ಪ್ರೀತಿಸುತ್ತಿದ್ದೆ. ರಾತ್ರಿ ಅವಳ ಕಾಲು ನನ್ನ ಮೇಲೆ ಇಲ್ಲದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಇವೆರಡೂ ಒಂದೇ ಹೊಟ್ಟೆಯಲ್ಲಿ ಹೇಗಿದ್ದವು? ಎಷ್ಟು ಯೋಚಿಸಿದರೂ ತಲೆಬುಡ ತಿಳಿಯುತ್ತಿಲ್ಲ.

ಪರೀಕ್ಷೆಯಲ್ಲಿ ಅಂಥದೇ ಲೆಕ್ಕ ಬಂತು. ಅವಳು ಅಕ್ಕನ ಸೊನ್ನೆ ಬರೆದಳು. ಆ ವಿಷಯದಲ್ಲಿ ಕೇಟಿ ಬಂತು — ಒಂದು ವಿಷಯ ಬಾಕಿ ಉಳಿದರೆ ನಾವು ಮುಂಬಯಿಯವರು ಹಾಗೆನ್ನುತ್ತೇವೆ. ಒಂದು ಲೆಕ್ಕದಿಂದ ಯಾರೂ ಫೇಲಾಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಆ ಸಂಜೆಯ ಮೇಲೆ ಸುಜಾತಾ ತನ್ನ ತಲೆಯನ್ನು ನಂಬುವುದನ್ನೇ ಬಿಟ್ಟಿದ್ದಳು. ಏನು ಕೇಳಿದರೂ "ಅಕ್ಕ ಹೇಳ್ಲಿ" ಎಂದು ನನ್ನ ಮುಖ ನೋಡುತ್ತಿದ್ದಳು. ಕೇಟಿ ಅಂದರೆ ಲೋಕ ಮುಳುಗುವುದಿಲ್ಲ, ಮತ್ತೆ ಬರೆದು ಪಾಸಾಗುವವರು ಎಷ್ಟೋ ಮಂದಿ. ಅವಳು ಮಾತ್ರ ನನಗೆ ಬೇಡ, ಬಿಡುತ್ತೇನೆ, ಎಂದು ಅತ್ತಳು.

ಮರುದಿನ ಬೆಳಿಗ್ಗೆ ಕುರ್ಲಾ ಸ್ಟೇಷನ್ನಿನಲ್ಲಿ ಅಪ್ಪ ನನ್ನನ್ನು ಕೇಳಿದರು. ಪ್ಲಾಟ್‌ಫಾರ್ಮ್ ತುಂಬ ಜನ. ಲೋಕಲ್ ಒಳಗೆ ಬರುತ್ತಿತ್ತು, ಎಲ್ಲರೂ ಮುಂದಕ್ಕೆ ಸರಿಯುತ್ತಿದ್ದರು. ಅಪ್ಪ ಬಾಗಿ ನನ್ನ ಕಿವಿಯ ಹತ್ತಿರ ಬಂದರು.

"ಅವಳಿಂದ ಆಗ್ತದಾ ಮಗಾ? ನಿಂಗೆ ಗೊತ್ತುಂಟಲ್ಲ. ಆಗ್ತದೆ ಅಂತ ನೀ ಹೇಳಿದ್ರೆ ಹೇಗಾದ್ರೂ ಓದಿಸುವ."

ನನಗೆ ಗೊತ್ತಿತ್ತು. ಅವಳಿಂದ ಆಗುತ್ತದೆ, ನನಗಿಂತ ಚೆನ್ನಾಗಿ ಆಗುತ್ತದೆ ಎಂದು ಆ ಪ್ಲಾಟ್‌ಫಾರ್ಮಿನಲ್ಲಿ ನನ್ನೊಬ್ಬಳಿಗೇ ಗೊತ್ತಿದ್ದದ್ದು. ಹೌದು ಎಂದರೆ ಸೊನ್ನೆಯ ಕತೆ ಹೊರಗೆ ಬರುತ್ತದೆ ಎಂಬ ಹೆದರಿಕೆಯೋ, ಗಾಡಿ ಬಂತೆಂಬ ಗಡಿಬಿಡಿಯೋ —

"ಆಗ್ಲಿಕ್ಕಿಲ್ಲ ಅಪ್ಪ," ಎಂದೆ.

ಅವರು ತಲೆಯಾಡಿಸಿ ಗಾಡಿ ಹತ್ತಿದರು. ಮನೆಯಲ್ಲಿ ಮತ್ತೆ ಆ ಮಾತು ಬರಲಿಲ್ಲ.

ನಾನು ಇಂಜಿನಿಯರ್ ಆದೆ. ಕಟ್ಟಡಗಳ ಕಂಬ, ತೊಲೆಗಳ ಲೆಕ್ಕ ನನ್ನ ಕೆಲಸ. ಪೋಲಾರ್ ಮತ್ತೆ ಬೇಕಾಗಲೇ ಇಲ್ಲ. ಕಂಬ ಸುತ್ತಲು ಶುರುಮಾಡಿದರೆ ನನ್ನ ನೌಕರಿ ಹೋದ ಹಾಗೆಯೇ. ಸುಜಾತಾ ಮದುವೆಯಾಗಿ ಅಂಧೇರಿಗೆ ಹೋದಳು. ಗಂಡನ ಹೋಟೆಲಿನ ಕೌಂಟರಿನಲ್ಲಿ ಅವಳೇ ಕೂರುತ್ತಾಳೆ. ನಾನು ಅಲ್ಲಿ ಕಾಲಿಟ್ಟರೆ ಸಾಕು, ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಸಾರುತ್ತಾಳೆ: "ಬನ್ನಿ ಬನ್ನಿ, ಇಂಜಿನಿಯರ್ ಮೇಡಂ! ಮಂಡೆ ಎಲ್ಲ ನಮ್ಮ ಅಕ್ಕನ ಪಾಲಿಗೆ ಹೋಯ್ತು ಮಾರಾಯ್ರೆ, ನನ್ನ ಪಾಲಿಗೆ ಉಳಿದದ್ದು ಬಾಯಿ ಒಂದೇ." ಎಲ್ಲರೂ ನಗುತ್ತಾರೆ. ನಾನೂ ನಗುತ್ತಾ ಬಂದಿದ್ದೇನೆ, ಇಷ್ಟು ವರ್ಷ.

ಕಳೆದ ತಿಂಗಳು ಅವಳ ಮಗಳು ತನ್ವಿ ನನ್ನ ಮನೆಗೆ ಬಂದಳು. ಇಂಜಿನಿಯರಿಂಗ್ ಮೊದಲ ವರ್ಷ. ಸೋಫಾದಲ್ಲಿ ಕುಸಿದು ಪುಸ್ತಕ ನನ್ನ ಮಡಿಲಿಗೆ ಹಾಕಿದಳು. ಸಲಾಕೆ. ಬಳೆ.

"ದೊಡ್ಡಮ್ಮ, ಯೇ ಟೂ ಕಹಾಂ ಸೇ ಆಯಾ? ಈ ಎರಡು ಎಲ್ಲಿಂದ ಬಂತು?" ಎಂದು ಕೇಳಿದಳು. "ಸರ್ ಹೇಳಿದ್ರು, ಫಾರ್ಮುಲಾ ಹೈ, ಲಿಖ್ ದೋ, ಸುಮ್ನೆ ಬರೆದುಬಿಡು ಅಂತ. ನಂಗೆ... ನಂಗೆ ಅರ್ಥ ಆಗುದಿಲ್ಲ. ನಾನು ಬಿಟ್ಟುಬಿಡ್ತೇನೆ. ಮಮ್ಮಿ ಕೂಡ ಹೇಳಿದ್ಳು, ಆಗ್ದಿದ್ರೆ ಬಿಡು, ನಾನು ಕೂಡ ಬಿಟ್ಟದ್ದು, ನಮ್ಮ ಸೈಡಲ್ಲಿ ಈ ಮಂಡೆ ಇಲ್ಲ ಅಂತ."

ಹೇಳಿಕೊಡಲು ನೋಡಿದೆ. ಮೊದಲನೆಯ ಕಾರಣ ಹೇಳಿದೆ, ಎರಡನೆಯದಕ್ಕೆ ಬರುವಾಗ ಮೊದಲನೆಯದೇ ಮತ್ತೆ ಬಾಯಿಗೆ ಬಂತು. ನಾನೇ ಒಂದನ್ನು ಎರಡು ಸಲ ಎಣಿಸುತ್ತಿದ್ದೆ. ತನ್ವಿ ನನಗಿಂತ ಹೆಚ್ಚು ಗೊಂದಲಗೊಂಡು ನನ್ನ ಮುಖ ನೋಡಿದಳು. "ನಿನ್ನ ಅಮ್ಮನನ್ನು ಕೇಳು," ಎಂದುಬಿಟ್ಟೆ.

ಅವಳು ಹೋ ಎಂದು ನಕ್ಕಳು. "ಮಮ್ಮಿ? ಮಮ್ಮಿ ಕೋ ಕ್ಯಾ ಪತಾ! ಅವಳಿಗೆಂಥ ಗೊತ್ತು!"

ಆ ನಗು ನನ್ನದು. ಚಾಳ್‌ನ ಕೋಣೆಯಲ್ಲಿ ನಾನು ನಕ್ಕದ್ದೇ.

ಇಷ್ಟು ಕಾಲ ನಾನು ಮಾಡಿದ್ದು ಒಂದೇ ತಪ್ಪು ಎಂದುಕೊಂಡಿದ್ದೆ. ಅಲ್ಲ. ಗೊತ್ತಿಲ್ಲದೆ ಹೇಳಿದ್ದು ಬೇರೆ, ಗೊತ್ತಿದ್ದು ಹೇಳದೆ ಉಳಿದದ್ದು ಬೇರೆ. ನೋಡಲು ಒಂದೇ ತರ ಕಾಣುತ್ತವೆ ಅಷ್ಟೆ. ಈಗ ಸುಮ್ಮನಿದ್ದರೆ ಆ ಹುಡುಗಿಯೂ ಓದು ಬಿಡುತ್ತಾಳೆ.

ಭಾನುವಾರ ಮಧ್ಯಾಹ್ನ, ಊಟದ ಗದ್ದಲ ಇಳಿದ ಹೊತ್ತಿನಲ್ಲಿ, ಅಂಧೇರಿಗೆ ಹೋದೆ. "ಇಂಜಿನಿಯರ್ ಮೇಡಂ" ಎಂದು ಅವಳು ಶುರುಮಾಡುವಷ್ಟರಲ್ಲಿ ಕೈಹಿಡಿದು ಮೂಲೆಯ ಟೇಬಲಿಗೆ ಕರೆದೊಯ್ದು ಎಲ್ಲವನ್ನೂ ಹೇಳಿದೆ. ಸೊನ್ನೆ, ಲೈಬ್ರರಿ, ಸ್ಟೇಷನ್. ಅವಳು ಕಿರುಚಿಯಾಳು, ಅತ್ತಾಳು ಎಂದುಕೊಂಡಿದ್ದೆ. ಅವಳು ಟೇಬಲಿನ ಮೇಲಿದ್ದ ಒದ್ದೆಯನ್ನು ಬೆರಳಿನಿಂದ ಒರೆಸುತ್ತಾ ಕೂತಳು. ಆಮೇಲೆ ಒಂದೇ ಮಾತು ಕೇಳಿದಳು.

"ಅಪ್ಪ ಹೋಗುವ ತನಕ ನಾನು ದಡ್ಡಿ ಅಂತಲೇ ತಿಳ್ಕೊಂಡಿದ್ರು, ಅಲ್ವಾ ಅಕ್ಕ?"

 

ಅವಳು ಎದ್ದು ಒಳಗಿದ್ದ ತನ್ವಿಯನ್ನು ಕರೆದಳು. ಒಂದು ಸ್ಟೀಲ್ ತಟ್ಟೆ ಬೋರಲು ಹಾಕಿ, ಅದರ ನಡುವಿನಿಂದ ಹೊರಗೆ ಒಂದು ಚಮಚ ಇಟ್ಟು ತಟ್ಟೆಯನ್ನು ಮೆಲ್ಲ ತಿರುಗಿಸಿದಳು. ಚಮಚದ ಹಿಡಿಯ ಮೇಲೆ ಒಂದು ಅವರೆ ಕಾಳನ್ನು ಹೊರಗೆ ಸರಿಸುತ್ತಾ ಹೋದಳು. "ಇಲ್ಲಿ ನೋಡು. ದೂರ ಹೋದಷ್ಟು ಜೋರು ಸುತ್ಬೇಕು, ಅದಕ್ಕೊಂದು. ಹೊರಗೆ ಹೋಗುವ ದಿಕ್ಕೇ ತಿರುಗ್ತಾ ಉಂಟು, ಅದಕ್ಕೊಂದು. ಎರಡೂ ಬೇರೆ ಬೇರೆ. ಗೊತ್ತಾಯ್ತಾ?" ಒಂದು ಅಕ್ಷರವನ್ನೂ ಅವಳು ಮರೆತಿರಲಿಲ್ಲ.

ತನ್ವಿ ತಟ್ಟೆಯನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಮಮ್ಮಿ, ತುಮ್‌ಕೋ ಕೈಸೇ ಪತಾ? ನಿಂಗೆ ಹೇಗೆ ಗೊತ್ತು?"

"ಅಕ್ಕ ಹೇಳ್ಲಿ," ಎಂದಳು ಸುಜಾತಾ.

ನಾನು ಹೇಳಿದೆ. ನಿನ್ನ ಅಮ್ಮನ ಉತ್ತರ ಸರಿ ಇತ್ತು, ನಾನು ತಪ್ಪೆಂದೆ, ಸರಿ ಎಂದು ಗೊತ್ತಾದ ಮೇಲೂ ಮುಚ್ಚಿಟ್ಟೆ. ತನ್ವಿ ನಗಲಿಲ್ಲ.

"ಅವಳಿಗೆ ಹೇಳಿದ್ದಾಯ್ತು," ಎಂದಳು ಸುಜಾತಾ. ಕೌಂಟರಿನ ಮೇಲೆ, ದೇವರ ಪಟದ ಪಕ್ಕ, ಅಪ್ಪನ ಫೋಟೋ ಇದೆ. ಅದಕ್ಕೆ ದಿನಾ ಹೂ ಹಾಕುವವಳು ಅವಳೇ. ಅತ್ತ ಕೈ ತೋರಿಸಿದಳು. "ಇನ್ನೊಂದು ಸಲ ಹೇಳು."

ಕಾಫಿ ಕುಡಿಯುತ್ತಿದ್ದವರು ತಿರುಗಿ ನೋಡುತ್ತಿದ್ದರು. ನಾನು ಎದ್ದು ಫೋಟೋದ ಮುಂದೆ ನಿಂತೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಅವಳಿಂದ ಆಗ್ತಿತ್ತು ಅಪ್ಪ."