ಕೊನೆಯ ಕೆಂಪು ಚುಕ್ಕೆ

ಶನಿವಾರದ ಗುಜರಾತಿ ತರಗತಿ ಹನ್ನೆರಡಕ್ಕೆ ಮುಗಿಯುತ್ತಿತ್ತು. ಹನ್ನೆರಡೂವರೆಯ ಹೊತ್ತಿಗೆ ಕೊನೆಯ ಮಗುವೂ ಅಪ್ಪನ ಕಾರು ಹತ್ತಿರುತ್ತಿತ್ತು. ಆದರೂ ಮುಕ್ತಾಬೆನ್ ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ. ಸೀರೆಯ ಮೇಲೆ ಕೋಟು ತೊಟ್ಟು, ಗಂಟಲವರೆಗೂ ಗುಂಡಿ ಹಾಕಿಕೊಂಡು, ಲೆಸ್ಟರಿನ ಆ ಸಭಾಭವನದ ಮೆಟ್ಟಿಲ ಮೇಲೆ ಒಂದು ಗಂಟೆಯವರೆಗೆ ನಿಂತೇ ಇರುತ್ತಿದ್ದರು. ಹಿಮ ಬಿದ್ದರೂ ಅಷ್ಟೆ.

ಪಕ್ಕದಲ್ಲಿ ಮೂಗು ಕೆಂಪಗೆ ಮಾಡಿಕೊಂಡು ನಿಂತಿರುತ್ತಿದ್ದವಳು ಮೊಮ್ಮಗಳು ಬಿಜಲ್.

"ನಾನಿಮಾ, ಎಲ್ರೂ ಹೋದ್ರಲ್ಲ. ಇನ್ಯಾರಿಗೆ ಕಾಯ್ತಿದೀರಿ?"

"ಇನ್ನೊಂದು ಮಗು ಇದೆ ಕಣೇ."

"ಎಲ್ಲಿದೆ?"

"ಸುಮ್ನೆ ನಿಂತ್ಕೋ. ಕಾಲೇನೂ ಸವೆಯಲ್ಲ."

ಆಗ ಬಿಜಲ್‌ಗೆ ಬೆನ್ನ ಹಿಂದೆ, ಖಾಲಿ ಕೋಣೆಯಲ್ಲಿ, ಯಾರೋ ಚೀಲ ತಗುಲಿಸಿಕೊಂಡು ನಿಂತಂತೆ ಅನ್ನಿಸುತ್ತಿತ್ತು. ತಿರುಗಿ ನೋಡಲು ಧೈರ್ಯವಾಗುತ್ತಿರಲಿಲ್ಲ. ಈಗ ಅವಳಿಗೆ ಮೂವತ್ತು ದಾಟಿದೆ, ಅದೇ ತರಗತಿಗೆ ಅವಳೇ ಟೀಚರು. ಇವತ್ತಿಗೂ ಆ ಬಾಗಿಲ ಬಳಿ ಅವಳ ಹೆಜ್ಜೆ ತಾನಾಗಿ ಬಿರುಸಾಗುತ್ತದೆ.

ಮುಕ್ತಾಬೆನ್ ಪೋರಬಂದರಿನವರು. ಇಪ್ಪತ್ತಕ್ಕೆ ಮದುವೆಯಾಗಿ, ಹಡಗಿನಲ್ಲಿ ವಾಂತಿ ಮಾಡಿಕೊಳ್ಳುತ್ತಲೇ ಆಫ್ರಿಕಾ ಸೇರಿ, ಉಗಾಂಡಾದ ಜಿಂಜಾದಲ್ಲಿ ಹನ್ನೊಂದು ವರ್ಷ ಪಾಠ ಹೇಳಿದವರು. ಅವರದೊಂದು ಕಟ್ಟುನಿಟ್ಟು ಇತ್ತು. ಶಾಲೆ ಬಿಟ್ಟ ಮೇಲೆ ಪ್ರತಿ ಮಗುವಿನ ಕೈಯನ್ನೂ ಮನೆಯವರ ಕೈಗೇ ಕೊಡಬೇಕು. ಕೊಟ್ಟ ಮೇಲೆ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಕೆಂಪು ಚುಕ್ಕೆ ಇಡಬೇಕು. ಬೆಳಿಗ್ಗೆ ಯಾರು ಬಂದರು ಅಂತ ಯಾರು ಬೇಕಾದರೂ ಬರೆಯಬಹುದು, ಸಂಜೆ ಯಾರು ಮನೆ ಮುಟ್ಟಿದರು ಅಂತ ಬರೆಯುವವಳೇ ಟೀಚರು ಎನ್ನುತ್ತಿದ್ದರು.

ಎಪ್ಪತ್ತೆರಡನೇ ಇಸವಿಯಲ್ಲಿ ಆ ದೇಶ ಆಳುವವನಿಗೆ ತಲೆ ಕೆಟ್ಟಿತು. ತೊಂಬತ್ತು ದಿನದಲ್ಲಿ ಭಾರತದವರೆಲ್ಲ ದೇಶ ಬಿಟ್ಟು ತೊಲಗಬೇಕೆಂದ. ತರಗತಿ ಕರಗುತ್ತಾ ಬಂತು. ಮುಕ್ತಾಬೆನ್ ಹೊರಡುವ ದಿನವೂ ಆರು ಮಕ್ಕಳು ಬಂದಿದ್ದರು. ಐದು ಕೈಗಳನ್ನು ಐದು ಮನೆಯವರಿಗೆ ಕೊಟ್ಟರು. ಆರನೆಯದು ಭದ್ರಾಳದು, ಎಂಟು ವರ್ಷದವಳು, ಗಡಿಯಾರ ರಿಪೇರಿ ಕಾಂತಿಲಾಲರ ಮಗಳು, ತಾಯಿ ಇಲ್ಲದವಳು. ಅಪ್ಪನ ಸುಳಿವಿಲ್ಲ. ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸು ಬೀದಿಯಲ್ಲಿ ಹಾರನ್ ಹೊಡೆಯುತ್ತಿತ್ತು. ಒಳಗೆ ಗಂಡ, ತೊಡೆಯ ಮೇಲೆ ಮೂರು ವರ್ಷದ ಮಗಳು ದಕ್ಷಾ, ಮುಂದೆ ಬಿಜಲ್‌ಳ ತಾಯಿಯಾಗುವವಳು. ಮುಕ್ತಾಬೆನ್ ಭದ್ರಾಳ ಕೈಯನ್ನು ಶಾಲೆಯ ಕಾವಲುಗಾರ ವೈಸ್ವಾನ ಕೈಗಿಟ್ಟು ಓಡಿದರು.

ದಾರಿಯಲ್ಲಿ ಸೈನಿಕರು ಬಳೆ ಕಿತ್ತುಕೊಂಡರು. ಹಾಜರಿ ಪುಸ್ತಕ ಯಾರಿಗೂ ಬೇಡವಾಗಿತ್ತು.

ಇಂಗ್ಲೆಂಡಿನಲ್ಲಿ ಅವರ ಸರ್ಟಿಫಿಕೇಟನ್ನು ಯಾರೂ ಮೂಸಿ ನೋಡಲಿಲ್ಲ. ಹತ್ತೊಂಬತ್ತು ವರ್ಷ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದರು. ಶನಿವಾರ ಮಾತ್ರ ಅವರು ಅವರಾಗಿರುತ್ತಿದ್ದರು. ಮದುವೆ ಮನೆಗಳಲ್ಲಿ ಮಾತ್ರ ಅವರ ಕಾಟ ತಡೆಯಲಾಗುತ್ತಿರಲಿಲ್ಲ. ಜಿಂಜಾದವರೆಂದು ತಿಳಿದರೆ ಸಾಕು, ತಟ್ಟೆಯಲ್ಲಿ ಹಾಂಡ್ವೊ ಆರುತ್ತಿದ್ದರೂ ಬಿಡುತ್ತಿರಲಿಲ್ಲ. ಕಾಂತಿಲಾಲ್ ಗೊತ್ತಾ, ಮಗಳು ಭದ್ರಾ ಗೊತ್ತಾ?

"ಮಮ್ಮಿ, ಮದುವೆ ಊಟಕ್ಕೆ ಬಂದಿದೀವಿ, ಪೊಲೀಸ್ ಠಾಣೆಗಲ್ಲ," ಎಂದು ದಕ್ಷಾ ಸೆರಗು ಜಗ್ಗುತ್ತಿದ್ದಳು.

ಕೊನೆಯ ವಾರ ಮುಕ್ತಾಬೆನ್ ಹಾಸಿಗೆಯಿಂದ ಬಿಜಲ್‌ಳನ್ನು ಕರೆದರು. ಎಂಬತ್ತನಾಲ್ಕರ ದೇಹ ಒಂದು ಹಿಡಿಯಾಗಿತ್ತು.

"ಬಂದ್ರೇನೇ ಅವರಪ್ಪ?"

ಬಂದರು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಬಿಜಲ್ ಇವರ ಕೈಯಲ್ಲೇ ಅಕ್ಷರ ಕಲಿತವಳು, ಇವರೆದುರು ಸುಳ್ಳು ನಾಲಿಗೆಗೆ ಬರಲಿಲ್ಲ.

"ಗೊತ್ತಿಲ್ಲ ನಾನಿಮಾ."

ಮುಕ್ತಾಬೆನ್ ಬಾಗಿಲ ಕಡೆ ಮುಖ ತಿರುಗಿಸಿದರು. ಮತ್ತೆ ಮಾತಾಡಲಿಲ್ಲ. ಆ ಉತ್ತರಕ್ಕಾಗಿ ಬಿಜಲ್ ತನ್ನನ್ನು ತಾನು ಶಪಿಸಿಕೊಂಡಳು.

ಅವರು ತೀರಿಕೊಂಡ ಹನ್ನೊಂದನೆಯ ದಿನ ಅದೇ ಸಭಾಭವನದಲ್ಲಿ ಬೇಸಣು, ಸಂತಾಪಕ್ಕೆ ಕೂಡುವ ಸಭೆ. ಬಿಳಿ ಬಟ್ಟೆ ತೊಟ್ಟವರು ಬಂದು, ಪಟದೆದುರು ಕೈಮುಗಿದು, ಸ್ವಲ್ಪ ಹೊತ್ತು ಕೂತು ಹೋದರು. ಎಲ್ಲರೂ ಎದ್ದ ಮೇಲೂ ಹಿಂದಿನ ಸಾಲಿನಲ್ಲಿ ಅರವತ್ತರ ಹೆಂಗಸೊಬ್ಬರು ಉಳಿದಿದ್ದರು. ಬಿಜಲ್ ನೀರು ತಂದುಕೊಟ್ಟಳು.

"ನೀವು ನಾನಿಮಾಗೆ ಹೇಗೆ ಪರಿಚಯ, ಮಾಸಿ?"

"ನನಗೆ ಟೀಚರ್ ಆಗಿದ್ರು. ಜಿಂಜಾದಲ್ಲಿ. ನಾನು ಭದ್ರಾ."

ಬಿಜಲ್ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

"ಅಪ್ಪನ್ನ ಸೈನಿಕರು ಹಿಡ್ಕೊಂಡು ಹೋಗಿದ್ರು. ಮೂರು ದಿನ ವೈಸ್ವಾ ತನ್ನ ಗುಡಿಸಲಲ್ಲಿ ನನ್ನ ಬಚ್ಚಿಟ್ಟ. ನಾಲ್ಕನೇ ದಿನ ಅಪ್ಪ ಬಂದ್ರು. ಆಮೇಲೆ ನಾವು ಸ್ವೀಡನ್‌ಗೆ ಹೋದ್ವಿ. ಮದುವೆ ಆಗಿ ಈ ಊರಿಗೆ ಬಂದು ಮೂವತ್ತು ವರ್ಷ ಆಯ್ತು."

"ಮೂವತ್ತು ವರ್ಷ? ಬರಬಾರದಿತ್ತಾ, ಮಾಸಿ?"

"ಸಿಟ್ಟಿತ್ತಮ್ಮ. ಮುಕ್ತಾಬೆನ್ ನನ್ನ ಕೈ ಬಿಟ್ಟು ಓಡಿದ್ದು ಕಣ್ಣಿಂದ ಹೋಗ್ಲೇ ಇಲ್ಲ." ಅವರು ಲೋಟವನ್ನು ಸುಮ್ಮನೆ ತಿರುಗಿಸಿದರು. "ಶನಿವಾರ ಕೆಲಸ ಮುಗಿಸಿ ಬಸ್ಸಲ್ಲಿ ಇದೇ ದಾರೀಲಿ ಹೋಗ್ತಿದ್ದೆ. ಇವರು ಮೆಟ್ಟಿಲ ಮೇಲೆ ನಿಂತಿರೋರು. ಬಸ್ಸಿಗೆ ಕಾಯ್ತಿದಾರೆ ಅಂದ್ಕೊಂಡಿದ್ದೆ. ಆದರೆ ಬಸ್ ನಿಂತ್ರೂ ಹತ್ತುತಾ ಇರಲಿಲ್ಲ. ಇಳಿಯೋರ ಮುಖ ಒಂದೊಂದೇ ನೋಡೋರು. ನಾನು ತಲೆ ಬಗ್ಗಿಸಿಕೊಳ್ತಿದ್ದೆ. ಯಾರಿಗೆ ಕಾಯ್ತಿದ್ರು ಅವರು?"

ಬಿಜಲ್ ಪಟದ ಮುಂದಿದ್ದ ಹಳೆಯ ಹಾಜರಿ ಪುಸ್ತಕ ತಂದು ಕೊನೆಯ ಪುಟ ತೆರೆದಳು. ಆರು ಹೆಸರು, ಐದು ಕೆಂಪು ಚುಕ್ಕೆ. ಆರನೆಯ ಹೆಸರಿನ ಮುಂದಿನ ಕಾಗದವನ್ನು ಬೆರಳು ಸವರಿ ಸವರಿ ಸವೆಸಿತ್ತು. ಭದ್ರಾ ತಮ್ಮ ಹೆಸರನ್ನು ಓದಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು.

"ಮಗ ಬರ್ತೀನಿ ಅಂದಿದಾನೆ," ಎಂದರು ಕೊನೆಗೆ. "ನೀನು ಹೋಗಮ್ಮ."

"ಇರ್ಲಿ, ನಿಂತಿರ್ತೀನಿ."

ಇಬ್ಬರೂ ಮೆಟ್ಟಿಲ ಮೇಲೆ ನಿಂತರು. ಬಸ್ಸುಗಳು ಬಂದು ನಿಂತು ಹೋದವು. ಮಗನ ಕಾರು ಬಂದಾಗ ಬಿಜಲ್ ಭದ್ರಾಮಾಸಿಯ ಕೈ ಹಿಡಿದು ಇಳಿಸಿಕೊಂಡು ಹೋಗಿ, ಅವನ ಕೈಗೆ ಕೊಟ್ಟಳು. ವಾಪಸು ಬಂದು ಕೆಂಪು ಪೆನ್ನಿನಿಂದ ಆ ಚುಕ್ಕೆ ಇಟ್ಟಳು.

"ನಾನಿಮಾ, ಬಂದ್ರು ಅವರಪ್ಪ," ಎಂದು ಖಾಲಿ ಕೋಣೆಯ ಕಡೆ ತಿರುಗಿ ಹೇಳಿದಳು.

ಅಲ್ಲಿ ಯಾರೂ ಇರಲಿಲ್ಲ. ಚೀಲ ತಗುಲಿಸಿಕೊಂಡ ಆ ಮಗುವೂ ಇರಲಿಲ್ಲ. ಬಿಜಲ್ ದೀಪ ಆರಿಸಿ ಬೀಗ ಹಾಕಿದಳು. ಆದರೆ ಮೆಟ್ಟಿಲ ಮೇಲೆ, ತನ್ನ ಪಕ್ಕದಲ್ಲಿ, ಕೋಟು ತೊಟ್ಟವರೊಬ್ಬರು ಇನ್ನೂ ನಿಂತೇ ಇದ್ದಾರೆ, ಅವರಿಗೆ ಈ ಸುದ್ದಿ ಮುಟ್ಟಲೇ ಇಲ್ಲ ಅನ್ನಿಸಿ, ಅವಳಿಗೆ ಮನೆ ಕಡೆ ಹೆಜ್ಜೆ ಇಡಲಾಗಲಿಲ್ಲ.