ದೊಡ್ಡತಾಯಮ್ಮನ ತೋಡಿ

ಬಾಗೂರಿನ ದೊಡ್ಡತಾಯಮ್ಮ ಮದುವೆಗೆ ಹೋದರೆ ಹುಡುಗ ಹೇಗಿದ್ದಾನೆ, ಹುಡುಗಿಗೆ ಏನು ಹಾಕಿದ್ದಾರೆ ಎಂದು ನೋಡುವವಳಲ್ಲ. ಛತ್ರದೊಳಗೆ ಕಾಲಿಟ್ಟವಳೇ ವಾಲಗದವರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತುಬಿಡುತ್ತಾಳೆ. ಕಚೇರಿ, ಸಂಗೀತ ಸಭೆ ಅವಳು ಕಂಡಿಲ್ಲ. ಹೊಲ, ಹಸು, ಮನೆ ಎಂದು ದುಡಿದ ಹೆಂಗಸಿಗೆ ಶಾಸ್ತ್ರೀಯ ಸಂಗೀತ ಸಿಕ್ಕಿದ್ದೇ ಮದುವೆಗಳಲ್ಲಿ. ಅದರಲ್ಲೂ ತೋಡಿ ರಾಗವೆಂದರೆ ಪ್ರಾಣ. ಅದರ ಹೆಸರನ್ನೂ ವಾಲಗದವರನ್ನೇ ಕೇಳಿ ತಿಳಿದುಕೊಂಡಿದ್ದಳು.

ಆದರೆ ಆ ತೋಡಿಯನ್ನು ಒಮ್ಮೆಯೂ ಪೂರ್ತಿ ಕೇಳಲಾಗಲಿಲ್ಲವೆಂಬ ಕೊರಗು ಅವಳಿಗೆ. ರಾಗ ಇನ್ನೇನು ಮೇಲೇರಬೇಕು, ಅಷ್ಟರಲ್ಲಿ ಪುರೋಹಿತರು ಕೈ ಎತ್ತುತ್ತಾರೆ, ಡೋಲಿನವನು ಗಟ್ಟಿಮೇಳ ಬಾರಿಸುತ್ತಾನೆ, ಜನ ಅಕ್ಷತೆ ಎರಚಿ ಊಟಕ್ಕೆ ಓಡುತ್ತಾರೆ.

ಹೋದ ವರ್ಷ ಚನ್ನರಾಯಪಟ್ಟಣದಲ್ಲಿ ಮೊಮ್ಮಗಳು ದೀಪಶ್ರೀಯ ಮದುವೆ. ಸಿನಿಮಾ ಹಾಡಿನ ಆರ್ಕೆಸ್ಟ್ರಾ ಸಾಕು ಎಂದ ಮಗ ಕಾಂತರಾಜುವಿನ ಮುಂದೆ ಅಜ್ಜಿ ಹಟ ಹಿಡಿದಳು.

"ನಂಗೆ ಸೀರೆ ಬ್ಯಾಡ ಕಣ್ಲಾ. ಹೊಳೆನರಸೀಪುರದ ನಾದಸ್ವರದ ಶಾಂತರಾಜನ್ನ ಕರ್ಸು. ಸಾಯೋದ್ರೊಳ್ಗೆ ಒಂದ್ಸಲ ತೋಡಿ ಪೂರಾ ಕೇಳ್ಬೇಕು."

ಶಾಂತರಾಜು ಬಂದ. ಮುಹೂರ್ತಕ್ಕೆ ಸಾಕಷ್ಟು ಮೊದಲೇ ತೋಡಿ ಶುರುಮಾಡಿದ. ಜನ ತಮ್ಮ ಪಾಡಿಗೆ ಹರಟುತ್ತಿದ್ದರು. ಅಜ್ಜಿ ಮಾತ್ರ ಕಣ್ಣು ಮುಚ್ಚಿದ್ದಳು. ಅವನು ಮೇಲಿನ ಸ್ವರವೊಂದನ್ನು ಹಿಡಿದು ನಿಂತಾಗ ತಡೆಯಲಾರದೆ ‘ಆಹಾ’ ಎಂದು ಕೈ ಮೇಲೆತ್ತಿಬಿಟ್ಟಳು.

ಮಂಟಪಕ್ಕೂ ವಾಲಗಕ್ಕೂ ನಡುವೆ ಫೋಟೊದವರು ಗೋಡೆಯ ಹಾಗೆ ನಿಂತಿದ್ದರು. ಪುರೋಹಿತರು ಕಾಣದ ಡೋಲಿನವನಿಗೆ ಕಂಡದ್ದು ಎತ್ತಿದ ಕೈ ಒಂದೇ. ಬಾರಿಸಿಯೇ ಬಿಟ್ಟ ಗಟ್ಟಿಮೇಳ! ನಾಲ್ಕೂ ಕಡೆಯಿಂದ ಅಕ್ಷತೆ ಬಿತ್ತು. ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು.

"ಮುಹೂರ್ತ ಇನ್ನೂ ಬಂದಿಲ್ಲ, ಯಾರ್ರೀ ಅದು ಕೈ ಎತ್ತಿದ್ದು?" ಎಂದು ಪುರೋಹಿತರು ಗದರಿದರು. ಗಂಡಿನ ಕಡೆಯವರು ಮುಖ ಗಂಟಿಕ್ಕಿದರು.

ಕಾಂತರಾಜು ಓಡಿ ಬಂದ. "ಏನವ್ವಾ ನೀನು, ಮಾನ ಕಳ್ದ್‌ಬುಟ್ಟೆ!"

ಅಜ್ಜಿ ನಾಚಿಕೆಯಿಂದ ಕುಗ್ಗಿಹೋದಳು. ಜೀವಮಾನವೆಲ್ಲ ಗಟ್ಟಿಮೇಳಕ್ಕೆ ಶಾಪ ಹಾಕಿದವಳು ತನ್ನ ತೋಡಿಯನ್ನು ತಾನೇ ಕಡಿದುಹಾಕಿದ್ದಳು.

ಹಸೆಮಣೆಯಿಂದ ದೀಪಶ್ರೀ ಕೂಗಿದಳು: "ಅಜ್ಜೀನ ಬೈಬ್ಯಾಡಪ್ಪ. ಹೊಸ ಅಕ್ಷತೆ ಕಲ್ಸೋಗಂಟ ಟೈಮ್ ಐತಲ್ಲ. ಶಾಂತರಾಜಣ್ಣ, ನಿಲ್ಸಿದ್ ಕಡೆಯಿಂದ್ಲೇ ಊದಿ."

ಶಾಂತರಾಜು ಊದಿದ. ಎಂಥ ಊದು ಅದು! ಅವಸರಪಟ್ಟು ಅಕ್ಷತೆ ಎರಚಿದ ಜನಕ್ಕೆ ಎದ್ದು ಹೋಗಲೂ ಆಗದು, ಮಾತಾಡಲೂ ನಾಚಿಕೆ. ಬರಿಗೈಯಲ್ಲಿ ಸುಮ್ಮನೆ ಕೂತರು. ಕೂತವರು ಕೇಳತೊಡಗಿದರು. ಅಡುಗೆ ಭಟ್ಟರೂ ಬಾಗಿಲಿಗೆ ಬಂದು ನಿಂತರು. ತೋಡಿ ಏರಿತು, ಇಳಿಯಿತು, ತೃಪ್ತಿಯಾಗಿ ಮುಗಿಯಿತು. ತಾಳಿ ಕಟ್ಟಿದ್ದು ಆಮೇಲೆ.

ಊಟಕ್ಕೆ ಮೊದಲು ಅಜ್ಜಿ ಶಾಂತರಾಜುವಿನ ಮುಂದೆ ಹೋಗಿ ಕೈ ಮುಗಿದಳು. "ತಪ್ಪಾಯ್ತು ಕಣಪ್ಪ, ನಿನ್ ರಾಗ ಕೆಡಿಸ್ಬುಟ್ಟೆ."

ಅವನು ಆ ಕೈಗಳನ್ನು ಹಿಡಿದುಕೊಂಡ. "ಅಂಗನ್ಬ್ಯಾಡಿ ಅಜ್ಜಿ. ಇಷ್ಟ್ ವರ್ಸ ನಾನು ಊಟಕ್ಕೋಗೋರ ಬೆನ್ನು ನೋಡ್ಕಂಡೇ ಊದಿದ್ದು. ಇವತ್ತು ಜನಗಳ ಮಕ ನೋಡ್ದೆ."